ಮೊಳೆ ಹೊಡೆಯತಕ್ಕದ್ದಲ್ಲ

ಒತ್ತಿದೆ. ಫ್ಯಾನು ಒಮ್ಮೆ ಉಸಿರೆಳೆಯಿತು.
ಕರಿಯ ಪರದೆ, ಎಡಮೂಲೆಯಲ್ಲಿ ಒಂದು ಬಿಳಿ ಗೀಟು
ಹತ್ತಿ ಆರುತ್ತ. ಅಷ್ಟೇ.
ಹೊಟ್ಟೆಯಲ್ಲಿ ಹದಿನಾಲ್ಕು ವರ್ಷದ ಕರಾರುಪತ್ರ ಇಟ್ಟುಕೊಂಡು
ಏನೂ ಇಲ್ಲ ಅನ್ನುತ್ತದೆ,
ಕಟಕಟೆ ಹತ್ತಿದ ಸಾಕ್ಷಿಯ ಹಾಗೆ.

ಶಿವಾಜಿನಗರದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಗೆ ಮರಕ್ಕೆ ಬಿಗಿದ ನೀಲಿ ಟಾರ್ಪಾಲು, ಅದರಡಿ ನನ್ನ ಮೇಜು.
ಛಾಪಾ ಕಾಗದ ನಿಂತ ಮೇಲೂ ಛಾಪಾ ಸಾಹೇಬರಾಗಿಯೇ ಉಳಿದ
ಜಬ್ಬಾರ್ ಪಕ್ಕದ ಕುರ್ಚಿ.
"ವಯಸ್ಸಾಯ್ತು ಮುನಿಲಕ್ಷ್ಮಿ, ಬಿಟ್ಟುಬಿಡು" ಅಂದರು,
ಅರವತ್ತೆಂಟರ ಮೊಣಕಾಲು ನೀವಿಕೊಳ್ಳುತ್ತ.

ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋದೆ.
ಮೂರನೇ ಮಹಡಿಯ ಹುಡುಗ ಮುಚ್ಚಳ ತೆರೆಯಲೂ ಇಲ್ಲ,
ಹಳೆ ಪೇಪರಿನವನಂತೆ ಕೈಯಲ್ಲೇ ತೂಗಿದ:
"ಎಂಟುನೂರು ಕೊಡ್ತೀನಿ, ಇಟ್ಟುಹೋಗಿ ಮೇಡಂ."
ವಾಪಸ್ ಹೊತ್ತು ತಂದೆ.
ಒಂದು ಕೀಲು ಮುರಿದಿದೆ, ರಬ್ಬರ್ ಬ್ಯಾಂಡು ಹಾಕಿದ್ದೇನೆ.
ಮಾರುವಷ್ಟು ಸಿಟ್ಟು ಇನ್ನೂ ಬಂದಿಲ್ಲ.

ಜೆರಾಕ್ಸ್ ಅಂಗಡಿಯ ಸ್ಟೆಲ್ಲಾ ಪೆನ್ ಡ್ರೈವ್ ಕೊಟ್ಟಳು, ಉಗುರಿನಷ್ಟು.
"ಇಡೀ ಸಿಸ್ಟಂ ಇದೆ ಅಕ್ಕ ಇದರೊಳಗೆ, ಬಿಟ್ಟಿ.
ಎಫ್ ಹನ್ನೆರಡು ಒತ್ತುತ್ತಲೇ ಇರಿ,
ಅದಕ್ಕೆ ಬೇಜಾರಾಗುವ ತನಕ."
ಬಾಡಿಗೆ ವಸೂಲಿಗೆ ಬಂದವಳಂತೆ ಒತ್ತಿದೆ.
ಬಾಗಿಲು ತೆಗೆಯಿತು.

ಹೊಸದು ಕೂರುವ ಮೊದಲು ಹಳೆಯದನ್ನು ಇಣುಕಬಹುದಂತೆ.
ಇತ್ತು, ಎಲ್ಲ ಇತ್ತು. ಒಂದು ಕಡತ ತೆರೆದೆ.
ಕನ್ನಡವೇ ಇಲ್ಲ!
ನಮ್ಮ ಹಳೆ ಫಾಂಟು ಈ ಹೊಸಬನಿಗೆ ಗೊತ್ತಿಲ್ಲ.
'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ,
ಅದರ ಬೆನ್ನಿಗೆ ನೆತ್ತಿಯ ಮೇಲೆ ಓರೆ ಗೀಟು ಹೊತ್ತ ಎ.
'ಅ' ಇದ್ದಲ್ಲಿ ಬರೀ ಸಿ.
ಪುಟವಿಡೀ ಕಾಗೆಕಾಲು, ಗುಬ್ಬಿಕಾಲು.

ಗಲ್ಲಕ್ಕೆ ಕೈ ಹೊತ್ತು ಕೂತೆ.
ಎಷ್ಟು ಹೊತ್ತಿಗೋ ನೋಡಿದರೆ
ಓದುತ್ತಿದ್ದೇನೆ.
ಫಾಂಟಿಲ್ಲದ ಎಷ್ಟು ಪ್ರಿಂಟ್ ಅಂಗಡಿಗಳಲ್ಲಿ
ಈ ಮುಖ ಕಂಡಿಲ್ಲ ನಾನು!
ಕಮಲಾಬಾಯಿ ಕೋಂ ಲೇಟ್ ವಿಠ್ಠಲರಾವ್.
ಒಂದು ರೂಮು, ಒಂದು ಅಡುಗೆಮನೆ, ವಾರಕ್ಕೆರಡು ಸಲ ನೀರು,
ಬಾಡಿಗೆ ಎರಡು ಸಾವಿರದ ಇನ್ನೂರು.
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ನಾಗರಾಜ ಎಂಬ ನಾನು ಇನ್ನು ಮುಂದೆ ಮಂಜರಿ.
ಆ ಸಾಲನ್ನು ಎರಡು ಸಲ ಜೋರಾಗಿ ಓದಿಸಿಕೊಂಡಿದ್ದಳು,
ಬಸ್ಸು ಹಾರನ್ನು ಹೊಡೆದಾಗ ಮೂರನೇ ಸಲ.

ಎಲ್ಲ ಬೇರೆ ಕಡ್ಡಿಗೆ ತುಂಬಿಕೊಂಡ ಮೇಲೆ ಅದು ಕೇಳಿತು:
ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?
ಇಂಥದ್ದು ಕೇಳುವಾಗ ಮನುಷ್ಯರಾದರೆ ತಲೆ ತಗ್ಗಿಸುತ್ತಾರೆ.
ಹೂಂ ಅಂದೆ.

ಯಾವ ಊರು ಅಂದಿತು. ಪಟ್ಟಿಯಲ್ಲಿ ಬೆಂಗಳೂರಿಲ್ಲ,
ಕೋಲ್ಕತಾ ಇದೆ.
"ಗಡಿಯಾರ ಎರಡು ಕಡೆಗೂ ಒಂದೇ ತಾನೇ" ಸ್ಟೆಲ್ಲಾ ಅಂದಳು.
ಟಾರ್ಪಾಲಿನಡಿ ಕೂತಲ್ಲೇ ಕೋಲ್ಕತಾದವಳಾದೆ.
ನಿಮ್ಮ ಹೆಸರು ಅಂದಿತು.
ಇಷ್ಟು ದಿನ ಅಲ್ಲಿ ಅಡ್ಮಿನ್ ಅಂತಿತ್ತು.
ಯಾರವನು? ದಿನಾ ಬೆಳಗ್ಗೆ ಅವನ ಹೆಸರು ಹೇಳಿ ಒಳಗೆ ಹೋಗುತ್ತಿದ್ದೆ.
ಮುನಿಲಕ್ಷ್ಮಿ ಅಂತ ಕುಟ್ಟಿದೆ. ಸಾಕ್ಷಿ ಕೇಳಲಿಲ್ಲ.

ನಾಲ್ಕು ಗಂಟೆಗೆ ಎದ್ದು ಕೂತಿತು.
ಸುಣ್ಣ ಹೊಡೆದ ಮನೆಯ ಹಾಗೆ ಖಾಲಿ, ಸದ್ದು ಮಾಡಿದರೆ ಮರುಸದ್ದು.
ಒಳಗಿನ ಪುಟ್ಟ ಬ್ಯಾಟರಿ ಸತ್ತಿದೆಯಂತೆ, ತಾರೀಕು ಮಾತ್ರ
ಒಂದು, ಜನವರಿ, ಎರಡು ಸಾವಿರದ ಒಂಬತ್ತು.

ಮೊದಲ ಗಿರಾಕಿ ಟ್ಯಾನರಿ ರೋಡಿನ ಗಂಡ ಹೆಂಡತಿ, ಕಂಕುಳಲ್ಲಿ ಕೂಸು.
ಬಾಡಿಗೆ ಹದಿನಾಲ್ಕು ಸಾವಿರ, ಮುಂಗಡ ಒಂದು ಲಕ್ಷ, ಹನ್ನೊಂದು ತಿಂಗಳು.
ಪರದೆ ನೋಡಿ ಆಕೆ ಅಂದಳು:
"ಆ ತಾರೀಕೇ ಇರ್ಲಿ ಅಕ್ಕ,
ಅವತ್ತಿನ ಬಾಡಿಗೇನೇ ಹಾಕಿ."
ಜಬ್ಬಾರ್ ಸಾಹೇಬರು ಕೆಮ್ಮು ಬರುವ ತನಕ ನಕ್ಕರು.

ತಾರೀಕು ತಿದ್ದಿದೆ, ತಿದ್ದದೆ ಏನು ಮಾಡಲಿ.
ಮೊಳೆಯ ಸಾಲು ಮಾತ್ರ
ಟೈಪು ಮಾಡಲು ಮರೆತೆ.
ಮರೆತೆ ಅಂತ ಇಟ್ಟುಕೊಳ್ಳಿ.